ಹೂವಪ್ಪನ ದೇಶಕ್ಕೆ ಹೊರಟದ್ದು

ನಮ್ಮ ಮನೆಯಲ್ಲಿ ಒಂದು ಹಳೆಯ ಶಾಲಾ ಅಟ್ಲಾಸ್ ಇದೆ. ಅದರಲ್ಲಿ ಯುರೋಪಿನ ಪುಟ ತೆರೆದರೆ ಎಡಗಡೆಯ ಕೆಳಮೂಲೆಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಚೌಕ ನೆಲದ ಮೇಲೆ, ಅರಿಶಿನದ ಒಂದು ಹೆಬ್ಬೆಟ್ಟು ಒತ್ತಿದ್ದು ಕಾಣುತ್ತದೆ. ಮೊನ್ನೆ ಗೆದ್ದಲಿಗೆ ಹೆದರಿ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹಾಕಿದ್ದೆ. ಪಕ್ಕದ ಮನೆಯ ಹುಡುಗಿ ಬಂದು ಅದನ್ನು ತಿರುವಿ ನೋಡಿ, "ಅಜ್ಜಿ, ಸ್ಪೇನ್‌ದಾಗ ಅರಿಷಿಣ ಭಾಳ ಬೆಳೀತಾರೇನ್ರಿ? ಇಲ್ಲಿ ಗುರ್ತ ಮಾಡ್ಯಾರ" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಯಾವ ದೇಶದಲ್ಲಿ ಏನು ಬೆಳೆಯುತ್ತದೆ ಎಂದು ಸಾಕಾಗುವಷ್ಟು ವರ್ಷ ಪಾಠ ಹೇಳಿದವಳು ನಾನು. ಅಲ್ಲಿ ಅರಿಶಿನ ಬೆಳೆಯುವುದಿಲ್ಲ. ಅದು ನನ್ನ ಹೆಬ್ಬೆರಳು.

ಆ ಬೆರಳು ಅಲ್ಲಿ ಬಿದ್ದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಆಳಂದದ ನಮ್ಮ ಅಡುಗೆಮನೆಯಲ್ಲಿ ನಾನು ತೊಗರಿಬೇಳೆಗೆ ಅರಿಶಿನ ಹಾಕುತ್ತಿದ್ದೆ. ಮಗಳು ಸವಿತಾ ಅಟ್ಲಾಸನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಅವ್ವಾ, ಜಲ್ದಿ ನೋಡು. ಆತ್ಯಾ ಇರೋದು ಇಲ್ಲಿ" ಎಂದಳು. ಆತ್ಯಾ ಎಂದರೆ ನಮ್ಮ ಕಡೆ ಅಪ್ಪನ ತಂಗಿ. "ಎಲ್ಲಿ ಬೇ?" ಎಂದು ನಾನು ಬೆರಳಿಟ್ಟೆ. ಇಡೀ ಸ್ಪೇನೂ ಅರ್ಧ ಪೋರ್ಚುಗಲ್ಲೂ ಅದರ ಕೆಳಗೆ ಮುಚ್ಚಿಹೋದವು.

"ಆತು, ದೇಶಕ್ಕ ಒಗ್ಗರಣಿ ಹಾಕಿಬಿಟ್ಟಿ" ಎಂದು ಮಗಳು ಅಟ್ಲಾಸ್ ಕಿತ್ತುಕೊಂಡಳು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಐಬೀರಿಯಾ ಪರ್ಯಾಯ ದ್ವೀಪ, ಅದರ ಪ್ರಸ್ಥಭೂಮಿ, ಆಲಿವ್, ದ್ರಾಕ್ಷಿ ಎಂದು ಕೋಲು ಹಿಡಿದು ನಕಾಶೆ ತಟ್ಟುತ್ತಿದ್ದೆ. ಆದರೆ ಅಲ್ಲಿ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮನುಷ್ಯರೂ ಇರುತ್ತಾರೆ, ಅವರಲ್ಲೊಬ್ಬಳು ನನ್ನ ನಾದಿನಿಯಾಗಿರಬಹುದು ಎಂಬುದು ಮಾತ್ರ ನನಗೆ ಪಾಠದಲ್ಲಿ ಎಲ್ಲೂ ಹೊಳೆದಿರಲಿಲ್ಲ.

ನಾದಿನಿಯ ಹೆಸರು ಮಹಾದೇವಿ. ನಮ್ಮವರ ಒಬ್ಬಳೇ ತಂಗಿ. ಸವಿತಾ ಕೂಸಾಗಿದ್ದಾಗ ನನ್ನ ಕಂಕುಳಲ್ಲಿ ಇದ್ದದ್ದಕ್ಕಿಂತ ಆಕೆಯ ಕಂಕುಳಲ್ಲಿ ಇದ್ದದ್ದೇ ಹೆಚ್ಚು. ಮಹಾದೇವಿ ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿತಳು, ಮುಂಬಯಿಗೆ ಹೋದಳು, ಅಲ್ಲಿಂದ ಕುವೈತಿನ ಆಸ್ಪತ್ರೆಗೆ ಹಾರಿದಳು. ಕೆಲವು ವರ್ಷ ಅಲ್ಲಿಂದ ಸೀರೆ, ಸೆಂಟು, ಟೇಪ್ ರೆಕಾರ್ಡರ್ ಬಂದವು. ಆಮೇಲೆ ಒಂದು ಫೋಟೋ ಬಂತು. ಮಹಾದೇವಿಯ ಪಕ್ಕದಲ್ಲಿ ಕುರುಚಲು ಗಡ್ಡದ ಬಿಳಿಯ ಗಂಡಸು. ಸ್ಪೇನಿನವನು, ನೀರಿನ ಎಂಜಿನಿಯರು, ಮದುವೆಯಾದೆವು ಎಂದು ಹಿಂದೆ ಬರೆದಿತ್ತು.

ನಮ್ಮ ಅತ್ತೆ ನೀಲಮ್ಮನವರು ಆಗ ರೊಟ್ಟಿ ಬಡಿಯುತ್ತಿದ್ದರು. ಕೈ ಒರೆಸಿಕೊಂಡು ಫೋಟೋ ನೋಡಿದರು. ಮತ್ತೆ ಹಿಟ್ಟಿಗೆ ಕೈ ಹಾಕಿದರು. ಬೈಯಲಿಲ್ಲ, ಅಳಲಿಲ್ಲ. ಅಂದಿನಿಂದ ಮಗಳ ಹೆಸರು ಅವರ ಬಾಯಿಂದ ಬರಲಿಲ್ಲ, ಅಷ್ಟೇ. ಅವರ ಮುಂದೆ ನಾವೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಮಹಾದೇವಿ ಎಂಬ ನಾಮಪದ ಹೋಗಿ "ಅಕಿ" ಎಂಬ ಸರ್ವನಾಮವೊಂದೇ ಉಳಿಯಿತು. ಹೀಗೆ ಎಂಟೊಂಬತ್ತು ವರ್ಷ ನಡೆಯಿತು. ಗಂಡ ಹೆಂಡತಿ ಕುವೈತ್ ಬಿಟ್ಟು ಸ್ಪೇನಿನ ಗ್ರನಾಡಾ ಎಂಬ ಊರಿಗೆ ಹೋಗಿ ನೆಲೆಸಿದರು.

ಅಲ್ಲಿಂದ ಆಕೆ ಅಣ್ಣನಿಗೆ ಬರೆದಳು: ಸವಿತಾ ಈ ವರ್ಷ ಮ್ಯಾಟ್ರಿಕ್ ಅಲ್ಲವೇ, ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಗೆ ಮೂವರೂ ಬರ್ರಿ, ಟಿಕೆಟ್ ನಾವು ಮಾಡಿಸುತ್ತೇವೆ. ಅವ್ವನನ್ನು ಕರೆಯಲು ನನಗೆ ಧೈರ್ಯವಿಲ್ಲ.

ನಮ್ಮವರು ದನದ ಡಾಕ್ಟರು. ಎಂಥ ಗುದ್ದುವ ಹೋರಿಯ ಮುಂದೆಯೂ ಕದಲದೆ ನಿಲ್ಲುವವರು ಆ ಕಾಗದ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. "ಸ್ಪೇನ್ ಅಂದ್ರ ಏನ್ ಸೊಲ್ಲಾಪುರ ಅದೇನು?" ಎಂದು ನನ್ನನ್ನು ಕೇಳಿದರು, ನಾನೇ ಕರೆದವಳ ಹಾಗೆ. ಸವಿತಾ ಒಬ್ಬಳೇ ನೆಟ್ಟಗೆ ನಿಂತಿದ್ದಳು.

"ಮೂವರಲ್ಲ. ನಾಕ್ ಮಂದಿ ಹೋಗೋಣ. ಆಯಿನೂ ಬರಲಿ" ಎಂದಳು.

ಆಯಿ ಎಂದರೆ ಅಜ್ಜಿ. ಒಳಗೆ ಪಾತ್ರೆ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. "ಸುಮ್ಮ ಕೂಡು" ಎಂದು ಮಗಳಿಗೆ ಕಣ್ಣು ಬಿಟ್ಟೆ. ಅವಳಿಗೆ ಆಗ ಹದಿನಾರು. ನಾನು ಪೂರ್ವ ಎಂದರೆ ಪಶ್ಚಿಮ ಎನ್ನುವ ವಯಸ್ಸು. ಸುಮ್ಮನೆ ಕೂಡುವುದೊಂದನ್ನು ಬಿಟ್ಟು ಬೇರೇನು ಹೇಳಿದರೂ ಮಾಡುತ್ತಿದ್ದಳೇನೋ.

ನಿಜ ಹೇಳಬೇಕೆಂದರೆ ನಮ್ಮ ವಂಶದಲ್ಲಿ ಪ್ರಯಾಣದ ಭಯ ಹಳೆಯದು. ನನ್ನ ತವರು ಅಫಜಲಪುರ. ಚಿಕ್ಕಂದಿನಲ್ಲಿ ನಮಗೆ ಜಗತ್ತಿನ ಅತಿ ದೂರದ ಊರು ಎಂದರೆ ಸೋದರಮಾವನ ಜೇವರ್ಗಿ. ಅಲ್ಲಿಗೆ ಹೋಗುವುದೆಂದರೆ ಅವ್ವ ಹಿಂದಿನ ದಿನವೇ ರೊಟ್ಟಿ ಬಡಿದು ಬಿಳಿ ಅರಿವೆಯಲ್ಲಿ ಕಟ್ಟುತ್ತಿದ್ದಳು. ಅಪ್ಪ ಇನ್ನೂ ಬಾರದ ಬಸ್ಸಿಗೆ ಸಿಟ್ಟಾಗುತ್ತಿದ್ದ. ಒಮ್ಮೆ ಭೀಮಾ ನದಿಯನ್ನು ಹರಗೋಲಿನಲ್ಲಿ ದಾಟಿದೆವು. ಬುಟ್ಟಿಯಂಥ ಆ ದೋಣಿ ನಡುಹೊಳೆಯಲ್ಲಿ ಗರಗರ ತಿರುಗಿತು. ಅಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿ, "ಹೆದರಬ್ಯಾಡ್ರಿ, ನಾ ಇದ್ದೇನಿ" ಎನ್ನುತ್ತಲೇ ಇದ್ದ. ನಾವು ಮಕ್ಕಳು ಯಾರೂ ಹೆದರಿರಲಿಲ್ಲ. ಆ ದಿನ ನನ್ನ ಮೈಯಲ್ಲಿ ಎದ್ದ ಜುಮ್ಮೆನ್ನುವ ಖುಷಿ, ಆಮೇಲೆ ಓದು, ಮದುವೆ, ನೌಕರಿ ಎಂದು ಎಲ್ಲೋ ಅಡಗಿ ಕೂತಿತ್ತು. ಕಾಗದ ಬಂದ ದಿನ ಅದು ಎದ್ದು ಕೂತಿತು ನೋಡಿ.

ಸುದ್ದಿ ಊರಲ್ಲಿ ಹರಡಿತು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ, "ಬಾಯಾರ, ಪ್ಯಾನಿಗಿ ಹೊಂಟೀರಂತಲ್ರಿ?" ಎಂದು ಕೇಳುವವರು. ಅಫಜಲಪುರದಿಂದ ನನ್ನ ಅಣ್ಣ ಶರಣಪ್ಪ ಬಸ್ಸು ಹತ್ತಿ ಬಂದ. ಅವನು ತೊಗರಿ ವ್ಯಾಪಾರಿ, ಎಲ್ಲ ವಿಷಯದಲ್ಲೂ ಅವನಿಗೆ ಒಂದು ಅಭಿಪ್ರಾಯ ಇರುತ್ತಿತ್ತು. ಚಹಾ ಬರುವ ಮೊದಲೇ, "ಡಾಕ್ಟರ, ಆ ದೇಶದಾಗ ಮಂದಿ ಹೋರಿ ಜೋಡಿ ಕುಸ್ತಿ ಹಿಡೀತಾರಂತ. ಸಾವಿರಾರು ಜನ ಕುಂತು ನೋಡ್ತಾರಂತ" ಎಂದ.

ನಮ್ಮವರ ಮುಖ ಸಣ್ಣದಾಯಿತು. "ಹೋರಿಗಿ ಪೆಟ್ಟಾದ್ರ?"

"ಪೆಟ್ಟಾಗಬೇಕಂತನ ಆಡ್ತಾರ."

"ಹಂಗಾದ್ರ ಅಲ್ಲಿ ದವಾಖಾನಿ ಎಲ್ಲಿರ್ತದ? ಮೈದಾನದಾಗನ ಇರ್ತದೋ, ಹೊರಗೋ?"

ಅಣ್ಣ ಬಂದ ಚಹಾದ ಕಡೆ ತಿರುಗಿಬಿಟ್ಟ. ನಮ್ಮವರು ಅಂದು ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ, ಹೋದ ಮೇಲೆ ಅದೊಂದನ್ನು ನೋಡುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾದಾಗ ಸಮಾಧಾನವಾದರು.

ಗ್ರನಾಡಾದ ಹತ್ತಿರ ಹಿಮದ ಬೆಟ್ಟ ಇದೆ ಎಂದು ಸವಿತಾ ಅಟ್ಲಾಸಿನಲ್ಲಿ ಕಂಡುಹಿಡಿದಳು. ಆಳಂದದ ಬಿಸಿಲಿನಲ್ಲಿ ಕೂತು ಹಿಮಕ್ಕೆ ಹೆದರುವುದರಲ್ಲಿ ಒಂದು ಸುಖ ಇದೆ. ಬೆವರು ಒರೆಸಿಕೊಳ್ಳುತ್ತ ಉಣ್ಣೆಯ ಮಾತಾಡಿದೆವು. ನಮ್ಮವರಿಗೆ ಕೋಟು ಹೊಲಿಸಬೇಕೆಂದು ಬಜಾರಿನ ಖುದ್ದೂಸ್ ಸಾಹೇಬರ ಅಂಗಡಿಗೆ ಹೋದೆವು. ಎಲ್ಲಿಗೆ ಎಂದು ಕೇಳಿದರು. ಹೇಳಿದೆವು. ಟೇಪು ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಅಕ್ಕಾ, ಅದು ಸ್ಪೇನ್ ಅಲ್ರಿ. ಅಂದಲುಸ್! ಹಿಂದ ನಮ್ಮ ಬಾದಶಾಹರು ಆಳಿದ ಸೀಮಿ. ನಮ್ಮ ಅಬ್ಬಾ ಉರ್ದು ಕಿತಾಬ್ ಓದಿ ಹೇಳ್ತಿದ್ರು. ಗರ್ನಾತಾದ ಕ್ವಾಟಿ, ಅಂದ್ರ ನಿಮ್ಮ ಗ್ರನಾಡಾದ್ದು, ಮತ್ತ ಅದೇ ಸೀಮಿಯ ಕುರ್ತುಬಾ ಊರಿನ ಮಸ್ಜಿದ್. ಆ ಮಸ್ಜಿದ್‌ದಾಗ ಎಲ್ಲಿ ನೋಡಿದ್ರೂ ಕಂಬಾನ ಕಂಬಾ ಅಂತ, ಖಜೂರಿನ ತ್ವಾಟ ಹೊಕ್ಕಂಗ ಆಗ್ತದಂತ. ಖರೇನ ಹೊಂಟೀರೇನ್ರಿ?"

ಸವಿತಾಳನ್ನು ಹತ್ತಿರ ಕರೆದು, "ಬೇಟಾ, ನೀ ಅಲ್ಲಿ ಹೋದ್ರ ಒಂದ್ ಕಂಬಕ್ಕ ನನ್ನ ಹೆಸರಿಲೆ ಕೈ ಹಚ್ಚಿ ಬಾ" ಎಂದರು. (ಹಚ್ಚಿ ಬಂದಳು. ಅಲ್ಲಿಯ ಕಾವಲುಗಾರನಿಂದ ಬೈಸಿಕೊಂಡೂ ಬಂದಳು.) ಆ ಕೋಟನ್ನು ಅವರು ಅಂಗಡಿಯಲ್ಲಿ ತೂಗುಹಾಕಿ ಬಂದ ಗಿರಾಕಿಗಳಿಗೆಲ್ಲ ತೋರಿಸಿ, ಮುಟ್ಟಿಸಿ, ಹದಿನೈದು ದಿನ ತಡಮಾಡಿ ಕೊಟ್ಟರು.

ಈ ನಡುವೆ ಮಹಾದೇವಿಯಿಂದ ಒಂದು ಕ್ಯಾಸೆಟ್ ಬಂತು. ಬರುವ ಮುಂಚೆ ಅಲ್ಲಿಯ ಮಾತು ನಾಲ್ಕು ಕಲಿತಿರಲಿ ಎಂದು ತಾನೇ ಮಾತಾಡಿ ತುಂಬಿಸಿದ್ದಳು. ಸಂಜೆ ಪಡಸಾಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೂತೆವು. ಅತ್ತೆ ಬಾಗಿಲ ಪಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಅಣ್ಣಾ, ವೈನೀ, ಸವಿ, ಎಲ್ಲಾರೂ ಆರಾಮ ಇದ್ದೀರಿಲ್ಲ?" ಎಂದಿತು ಪೆಟ್ಟಿಗೆ.

ಅಷ್ಟು ವರ್ಷ ಹೊರದೇಶದಲ್ಲಿದ್ದರೂ ಮಾತು ನಮ್ಮ ಓಣಿಯದೇ. "ನೀರಿಗಿ ಆಗುವಾ ಅಂತಾರ. ಉಪಕಾರ ಆತು ಅನ್ನಾಕ ಗ್ರಾಸಿಯಾಸ್. ಪಾನ್ ಅಂದ್ರ ಬ್ರೆಡ್, ನಮ್ಮ ರೊಟ್ಟಿ ಇದ್ದಂಗ" ಎಂದು ಒಂದೊಂದೇ ಹೇಳುತ್ತ ಹೋದಳು.

"ನೋಡಾ! ಊಟಾ ಆದಮ್ಯಾಗ ಪಾನ್ ಕೊಡ್ರಿ ಅಂದ್ರ ಮತ್ತ ರೊಟ್ಟಿ ತಂದ್ ಹಾಕ್ತಾರ" ಎಂದರು ನಮ್ಮವರು. ಎಲೆಯಡಿಕೆ ಇಲ್ಲದೆ ಅವರಿಗೆ ಊಟ ಮುಗಿಯುತ್ತಿರಲಿಲ್ಲ.

"ಮಾದ್ರೆ ಅಂದ್ರ ಅವ್ವ" ಎಂದಿತು ಪೆಟ್ಟಿಗೆ. ಆಮೇಲೆ ಮಾತು ನಿಂತಿತು. ಟೇಪು ಸುಯ್ ಎಂದು ತಿರುಗುತ್ತಿತ್ತು. ಬಾಗಿಲ ಬಳಿ ಮೊರದ ಸದ್ದೂ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಸರದಿಂದ, "ಪಾದ್ರೆ ಅಂದ್ರ ಅಪ್ಪ" ಎಂದು ಬಂತು. ಕೊನೆಯಲ್ಲಿ ಒಂದು ಗಂಡುದನಿ ಪದ ಪದವಾಗಿ ಎಡವುತ್ತ, "ನಮಸ್ಕಾರ್ರಿ. ನಾ ಹುವಾನ್. ಬರ್ರಿ, ಊಟಾ ಮಾಡ್ರಿ" ಎಂದಿತು.

ಅತ್ತೆ ಕಾಳಿನಿಂದ ಕಣ್ಣೆತ್ತದೆ ಕೇಳಿದರು: "ಏನಂತ ಅವನ ಹೆಸರು?"

"ಹುವಾನ್ ಅಂತ, ಆಯಿ" ಎಂದಳು ಸವಿತಾ.

"ಬಾಯಿ ತಿರುಗಂಗಿಲ್ಲ ನಿಮಗ. ಹೂವಪ್ಪ ಅನ್ರಿ ನೆಟ್ಟಗ. ನಮ್ಮ ಕಡಿ ಹೆಸರ ಅದು."

ಇಷ್ಟೇ ಹೇಳಿ ಜೋಳ ಒಳಗೆ ತೆಗೆದುಕೊಂಡು ಹೋದರು. ಅಂದಿನಿಂದ ಆ ದೇಶ ನಮ್ಮ ಮನೆಯಲ್ಲಿ ಹೂವಪ್ಪನ ದೇಶವಾಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಕ್ಯಾಸೆಟ್ ಹಾಡುತ್ತಿರುವುದು ಎಷ್ಟೋ ಸಲ ಬಾಗಿಲಿಗೇ ಕೇಳುತ್ತಿತ್ತು. "ಆಯಿನ ಹಚ್ಚು ಅಂತಾಳ. ಮನಿ ಸುಮ್ಮ ಅನಸ್ತದಂತ" ಎನ್ನುತ್ತಿದ್ದಳು ಸವಿತಾ.

ನಮ್ಮವರು ಅಂತೂ ಕಲಿತದ್ದನ್ನು ಊರ ಮೇಲೆಲ್ಲ ಪ್ರಯೋಗಿಸಿದರು. ನರೋಣಾದ ಒಬ್ಬ ರೈತ ಆಕಳಿಗೆ ಸೂಜಿ ಹಾಕಿಸಿಕೊಂಡು ಒಂದು ಗಡಿಗೆ ಮಜ್ಜಿಗೆ ಕೊಟ್ಟನಂತೆ. ಇವರು ಠೀವಿಯಿಂದ "ಗ್ರಾಸಿಯಾಸ್" ಎಂದರಂತೆ. ಅವನು ಅದನ್ನು ಬರೆದುಕೊಟ್ಟ ಔಷಧದ ಜೊತೆಗಿನ ಇನ್ನೊಂದು ಔಷಧ ಎಂದು ತಿಳಿದು, ಆಳಂದದ ಅಂಗಡಿಗಳಲ್ಲೆಲ್ಲ ಗ್ರಾಸಿಯಾಸ್ ಗುಳಿಗೆ ಹುಡುಕಿ, ಸಿಗದೆ, ಕಡೆಗೆ ನಮ್ಮ ಮನೆಗೇ ಬಂದ. ಆಮೇಲೆ ನಮ್ಮವರ ಸ್ಪ್ಯಾನಿಷ್ ಅಭ್ಯಾಸ ಸ್ವಲ್ಪ ತಗ್ಗಿತು.

ಪಾಸ್‌ಪೋರ್ಟಿನ ಕೆಲಸ ಹಿಡಿದಾಗ ಸವಿತಾ ಮತ್ತೆ ಅದೇ ರಾಗ ತೆಗೆದಳು. ಆಯಿಗೂ ಮಾಡಿಸಬೇಕು, ಇಲ್ಲದಿದ್ದರೆ ನನ್ನದೂ ಬೇಡ. "ಮಾಡಿಸಿದ್ರ ಏನ್ ಗಂಟ ಹೋಗ್ತದ" ಎಂದು ನಮ್ಮವರು ಸೋತರು. ಆದರೆ ಅತ್ತೆಯನ್ನು ಫೋಟೋ ಸ್ಟುಡಿಯೋಕ್ಕೆ ಕರೆದೊಯ್ಯುವುದು ಹೇಗೆ? ನಾನೂ ಅವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗ ಮಗಳು ನೇರ ಹೋಗಿ, "ಆಯಿ, ನಡಿ, ನಿಂದೊಂದು ಫೋಟೋ ತಗಸೋಣ" ಎಂದಳು.

"ಯಾಕ ಬೇ?"

"ನಾಳಿ ಹಾರಾ ಹಾಕಾಕ ಬೇಕಲ್ಲ!"

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಅತ್ತೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೇ ಅದ. ನಿಮ್ಮಪ್ಪಗ ಬಿಟ್ರ ಯಾರದೋ ಮದಿವಿ ಫೋಟೋದಾಗಿಂದ ನನ್ನ ಮಾರಿ ಕತ್ತರಿಸಿ ಕಟ್ ಹಾಕಿಸ್ತಾನ" ಎಂದು ಇಲಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಹೊರಟೇಬಿಟ್ಟರು. ಅರ್ಜಿಯಲ್ಲಿ ಸಹಿ ಮಾಡುವಾಗ ಇದು ಯಾಕೆ ಎಂದು ಕೇಳಲಿಲ್ಲ. ನಮಗೆ ಹೇಳುವ ಧೈರ್ಯವಾಗಲಿಲ್ಲ. ಅವರಿಗೆ ಗೊತ್ತಿತ್ತೆಂದು ನಮಗೂ ಗೊತ್ತಿತ್ತು.

ವಿಚಾರಣೆಗೆ ಪೊಲೀಸ್ ಪೇದೆ ಬಂದ. ಕಟ್ಟೆಯ ಮೇಲೆ ಕೂತ ಅತ್ತೆಯನ್ನೇ ಮೊದಲು ಕೇಳಿದ.

"ಎಲ್ಲಿಗಿ ಹೊಂಟೀರಿ, ಆಯಿ?"

"ನಾ ಎಲ್ಲಿಗೂ ಹೋಗಂಗಿಲ್ಲಪಾ."

"ಮತ್ತ ಪಾಸ್‌ಪೋರ್ಟ್ ಯಾಕ್ರಿ?"

"ಮೊಮ್ಮಗಳು ಹಟಾ ಹಿಡಿದಾಳ. ಕೂಸಿಗಿ ಇಲ್ಲ ಅನ್ನಲೇನು? ನೀ ಚಾ ಕುಡಿ."

ಅವನು ಚಹಾ ಕುಡಿದು, ತಲೆ ಕೆರೆದುಕೊಂಡು, ಏನು ಬರೆದುಕೊಂಡನೋ ಗೊತ್ತಿಲ್ಲ. ನಾಲ್ಕು ಪಾಸ್‌ಪೋರ್ಟ್ ಬಂದವು. ಅತ್ತೆಯದನ್ನು ಅವರೇ ಇಸಿದುಕೊಂಡು ತಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟರು.

ಸವಿತಾಳ ಪರೀಕ್ಷೆ ಮುಗಿಯಿತು. ಮುಂಬಯಿಯಲ್ಲಿ ಅಣ್ಣನ ವ್ಯಾಪಾರದ ಗೆಳೆಯರೊಬ್ಬರು ಟಿಕೆಟ್, ವೀಸಾ ಎಲ್ಲ ನೋಡಿಕೊಳ್ಳುವುದಾಗಿ ಹೇಳಿದ್ದರು. ಮನೆ ತುಂಬ ಹಬ್ಬದ ಗದ್ದಲ. ನಾನೂ ಮಗಳೂ ಜಗಳವಾಡುವುದನ್ನೇ ಮರೆತಿದ್ದೆವು. ಸೊಲ್ಲಾಪುರಕ್ಕೆ ಹೋಗಿ ಅವಳಿಗೆ ಎರಡು ಚೂಡಿದಾರ, ನನಗೆ ಒಂದು ಜೊತೆ ಬೂಟು ತಂದೆವು. ಸೀರೆಯ ಕೆಳಗೆ ಬೂಟು ಹಾಕಿ ಪಡಸಾಲೆಯಲ್ಲಿ ನಾನು ನಡೆದು ನೋಡುತ್ತಿದ್ದರೆ ಮಗಳು ಗೋಡೆಗೆ ಒರಗಿ ನಗುತ್ತಿದ್ದಳು.

ಅಷ್ಟರಲ್ಲಿ ಜೇವರ್ಗಿ ತಾಲೂಕಿನ ಯಡ್ರಾಮಿ ಕಡೆಯ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಬೇನೆ ಹಬ್ಬಿತು. ಸುತ್ತಲಿನ ತಾಲೂಕಿನ ಡಾಕ್ಟರುಗಳನ್ನೆಲ್ಲ ಅಲ್ಲಿಗೆ ಕಳಿಸಿದರು. ನಮ್ಮವರ ರಜೆಯೂ ರದ್ದಾಯಿತು. ಒಂದು ವಾರ ಅಲ್ಲಿದ್ದು ಅವರು ಬಟ್ಟೆ ಬದಲಿಸಲು ಮನೆಗೆ ಬಂದಾಗ ಗಡ್ಡ ಬೆಳೆದಿತ್ತು, ಮೈಯೆಲ್ಲ ಫಿನಾಯಿಲ್ ವಾಸನೆ. ಕಟ್ಟೆಯ ಮೇಲೆ ಕೂತು, "ನೀವಿಬ್ರೂ ಹೋಗ್ರಿ. ನಂದು ಆಗಂಗಿಲ್ಲ" ಎಂದರು.

ಸವಿತಾಳ ಕಣ್ಣಲ್ಲಿ ನೀರು ದಳದಳ ಇಳಿಯಿತು. "ಎತ್ತಿಗಿ ಇನ್ನೊಬ್ಬ ಡಾಕ್ಟರ್ ಸಿಗ್ತಾನಪ್ಪಾ. ಆತ್ಯಾಗ ಇನ್ನೊಬ್ಬ ಅಣ್ಣ ಸಿಗ್ತಾನೇನು?"

ಅವರು ಕಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, "ಬಾಯಿ ತುಂಬ ಹುಣ್ಣು, ಸವಿ. ಮೇವು ಮುಂದಿದ್ರೂ ತಿನ್ನಾಕ ಆಗಂಗಿಲ್ಲ ಅವಕ್ಕ. ನಾ ಹೋದ್ರ ಹೊರಳಿ ನನ್ನ ಕಡಿ ನೋಡ್ತಾವ. ಹೆಂಗ ಬಿಟ್ಟು ಹೋಗಲಿ?" ಎಂದರು. ತಂಗಿಯನ್ನು ನೋಡುವ ಆಸೆ ಅವರಿಗೆ ಎಷ್ಟಿತ್ತು ಎಂಬುದು ನನಗೆ ಗೊತ್ತಿತ್ತು. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಗ್ರಾಸಿಯಾಸ್ ಎನ್ನುವುದನ್ನು ಬಾಗಿಲ ಮರೆಯಿಂದ ಎಷ್ಟು ಸಲ ಕಂಡಿರಲಿಲ್ಲ ನಾನು. ನನಗೂ ಹೊರಡುವ ಮನಸ್ಸು ಸತ್ತುಹೋಯಿತು. "ಬಿಡ್ರಿ, ಮುಂದಿನ ವರ್ಷ ಎಲ್ಲಾರೂ ಕೂಡಿ ಹೋದ್ರಾತು" ಎಂದು ಹೇಳಲು ಬಾಯಿ ತೆರೆದೆ.

ಆಗ ಒಳಗಿನಿಂದ ಅತ್ತೆ ಬಂದರು. ಹೊಸ್ತಿಲ ಮೇಲೆ ನಿಂತು, ಯಾರನ್ನೂ ನೋಡದೆ, ಕೇಳಿದರು: "ವಿಮಾನದಾಗ ಲಿಂಗಪೂಜಾಕ್ಕ ನೀರು ಸಿಗ್ತಾವೇನು?"

ನಮಗಿಬ್ಬರಿಗೂ ತಲೆಗೆ ಹತ್ತಲಿಲ್ಲ. ಸವಿತಾಳಿಗೆ ಹತ್ತಿತು. ಅವಳು ಛಂಗನೆ ಎದ್ದು, "ಸಿಗ್ತಾವ ಆಯಿ! ಬೇಕಾದಷ್ಟು ಸಿಗ್ತಾವ!" ಎಂದು ಕೂಗಿದಳು. ವಿಮಾನದ ಒಳಗು ಹೇಗಿರುತ್ತದೆಂದು ಅವಳು ಕಂಡವಳೇ ಅಲ್ಲ. ನಮ್ಮವರು ಎದ್ದು ಬಂದು ತಾಯಿಯ ಕೈ ಹಿಡಿದುಕೊಂಡರು. ಅವರು, "ಕೈ ತೊಳಕೋ ಮೊದಲ, ದನದ ವಾಸನಿ" ಎಂದು ಬಿಡಿಸಿಕೊಂಡು ಒಳಗೆ ಹೋದರು. ಟ್ರಂಕು ತೆರೆದ ಸದ್ದು ಕೇಳಿಸಿತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮುಂಬಯಿಗೆ ಟ್ರಂಕ್ ಕಾಲ್ ಮಾಡಿ ಕೂಗಿ ಕೂಗಿ ಟಿಕೆಟ್ಟಿನಲ್ಲಿ ನಮ್ಮವರ ಹೆಸರು ತೆಗೆಸಿ ಅತ್ತೆಯದನ್ನು ಹಾಕಿಸಿದೆವು. ವೀಸಾಕ್ಕಾಗಿ ಮೂವರು ಹೆಂಗಸರೂ ಮುಂಬಯಿಗೆ ಒಮ್ಮೆ ಹೋಗಿ ಬಂದೆವು. ಖುದ್ದೂಸ್ ಸಾಹೇಬರು ನಮ್ಮವರ ಕೋಟಿನ ತೋಳು ಮೊಟಕು ಮಾಡಿ ಅತ್ತೆಗೆ ಹೊಂದುವ ಹಾಗೆ ಹೊಲಿದುಕೊಟ್ಟು, "ಆಯಿ, ಇದು ಹಾಕ್ಕೊಂಡು ಅಂದಲುಸ್‌ದಾಗ ಇಳೀರಿ, ಬಾದಶಾಹನ ಅಮ್ಮೀಜಾನ್ ಬಂದ್ರು ಅಂತಾರ" ಎಂದರು. ಓಣಿಯ ಹೆಂಗಸರೆಲ್ಲ ಸೇರಿ ಕಟಕ ರೊಟ್ಟಿ ಬಡಿದರು. ಶೇಂಗಾ ಹಿಂಡಿ, ಅಗಸೆ ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಖಾರ ಒಂದೊಂದು ಡಬ್ಬಿಯಲ್ಲಿ ತುಂಬಿಕೊಂಡವು. ಅಣ್ಣ ನಮ್ಮ ಪೆಟ್ಟಿಗೆಗಳನ್ನು ಅಫಜಲಪುರದ ತನ್ನ ಅಡತಿ ಅಂಗಡಿಯಿಂದ ತಂದ ತೊಗರಿ ತೂಗುವ ತಕ್ಕಡಿಗೆ ಹಾಕಿ, "ವಿಮಾನ ಏಳಂಗಿಲ್ಲ, ತಂಗಿ" ಎಂದ. ನನ್ನ ಬಟ್ಟೆ ತೆಗೆದೆ. ರೊಟ್ಟಿ ತೆಗೆಯಲು ಅತ್ತೆ ಬಿಡಲಿಲ್ಲ.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಅತ್ತೆಯ ಕೊರಳಿನ ಬೆಳ್ಳಿ ಕರಡಿಗೆಯನ್ನು ತೋರಿಸಿ, ಇದೇನು, ತೆಗೆಯಿರಿ ಎಂದಳು. ಅದರಲ್ಲಿ ಇಷ್ಟಲಿಂಗ ಇತ್ತು. ಅತ್ತೆ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು, "ಮೈಮ್ಯಾಲಿಂದ ಇದು ಇಳಿಯಂಗಿಲ್ಲ. ನಾನ ಬೇಕಾದ್ರ ಮನಿಗಿ ಹೋಗ್ತೇನಿ" ಎಂದರು. ಸವಿತಾ ಮುಂದೆ ಬಂದು ಶಾಲೆಯ ಹಿಂದಿಯಲ್ಲಿ, "ಯೇ ಹಮಾರಾ ಭಗವಾನ್ ಹೈ. ಇನಕೋ ಟಿಕೆಟ್ ನಹೀ ಲಗತಾ" ಎಂದಳು. ಆ ಹೆಂಗಸು ನಕ್ಕುಬಿಟ್ಟಳು. ಅತ್ತೆ ತಾವೇ ಮುಚ್ಚಳ ಸ್ವಲ್ಪ ಸರಿಸಿ ತೋರಿಸಿದರು. ಅವಳು ಕೈ ಮುಗಿದು ಒಳಗೆ ಬಿಟ್ಟಳು.

ವಿಮಾನದಲ್ಲಿ ನೀರು ಸಿಕ್ಕಿತು. ಗಗನಸಖಿ ಕೊಟ್ಟ ಲೋಟದ ನೀರಿನಲ್ಲಿ, ಖುದ್ದೂಸ್ ಸಾಹೇಬರ ಕೋಟು ತೊಟ್ಟು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅತ್ತೆ ಪೂಜೆ ಮಾಡಿದರು. ಕಿಟಕಿಯಿಂದ ಬೆಳಗಿನ ಬಿಸಿಲು ಅವರ ಅಂಗೈ ಮೇಲೆ ಬಿದ್ದಿತ್ತು. ಪಕ್ಕದ ಸಾಲಿನ ಪ್ರಯಾಣಿಕರು ತಮ್ಮ ಮಾತು ತಗ್ಗಿಸಿದರು. ನಾನು ಕೆಳಗಿನ ಮೋಡ ನೋಡಿದೆ. ಮೈ ಜುಮ್ಮೆಂದಿತು.

ಖುಷಿಯ ಒಳಗೇ ನನಗೆ ಒಂದು ಅಳುಕು ಕೊರೆಯುತ್ತಿತ್ತು. ಮನೆ ಬಿಟ್ಟಾಗಿನಿಂದ ಅತ್ತೆ ಮಗಳ ಮಾತನ್ನೇ ಎತ್ತಿರಲಿಲ್ಲ. ಎದುರು ಬಂದಾಗ ಮುಖ ತಿರುಗಿಸಿಕೊಂಡರೆ? ಇಷ್ಟು ವರ್ಷದ್ದೆಲ್ಲ ಒಮ್ಮೆಗೇ ಹೊರಬಿದ್ದರೆ? ಸವಿತಾ ಕೇಳಿಯೇ ಬಿಟ್ಟಳು: "ಆಯಿ, ಆತ್ಯಾ ಬಂದ ಕೂಡಲೆ ಮೊದಲ ಏನಂತೀ?"

"ನೋಡೋಣ" ಎಂದು ಅವರು ಕಣ್ಣು ಮುಚ್ಚಿಕೊಂಡರು.

ಮ್ಯಾಡ್ರಿಡ್ಡಿನಲ್ಲಿ ಇಳಿದು, ಪೆಟ್ಟಿಗೆ ಹುಡುಕಿ, ಹೊರಬಾಗಿಲಿಗೆ ಬಂದೆವು. ಜನ ಕಿಕ್ಕಿರಿದಿದ್ದರು. ಆ ಗುಂಪಿನಲ್ಲಿ ಪ್ಯಾಂಟು ಶರಟು ತೊಟ್ಟ, ಭುಜದ ಮೇಲಕ್ಕೆ ಕೂದಲು ಕತ್ತರಿಸಿಕೊಂಡ ಒಬ್ಬಳು ಕೈ ಎತ್ತಿದಳು. ನಾನು ಗುರುತು ಹಿಡಿಯುವ ಮೊದಲೇ ಸವಿತಾ ಓಡಿಹೋಗಿ ತೆಕ್ಕೆಗೆ ಬಿದ್ದಿದ್ದಳು. ಸವಿತಾಳ ತಲೆಯ ಮೇಲಿಂದ ಮಹಾದೇವಿಯ ಕಣ್ಣು ನಮ್ಮ ಕಡೆ ಬಂದವು. ಅಣ್ಣನ ಬದಲು ಯಾರು ಬರುತ್ತಿದ್ದಾರೆಂದು ಅವಳಿಗೆ ತಿಳಿಸಿದ್ದೆವು. ಆದರೂ ನಂಬಿರಲಿಲ್ಲವೇನೋ. ಎರಡು ಹೆಜ್ಜೆ ಬಂದು ನಿಂತುಬಿಟ್ಟಳು. ಹಿಂದೆ ಅವಳ ಗಂಡ, ಅದೇ ಕುರುಚಲು ಗಡ್ಡ, ಎರಡೂ ಕೈ ಜೋಡಿಸಿಕೊಂಡು ನಿಂತಿದ್ದ.

ಅತ್ತೆ ನಿಧಾನಕ್ಕೆ ಹತ್ತಿರ ಹೋದರು. ಮಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕೈ ಎತ್ತಿ ಅವಳ ತಲೆಯ ಮೇಲಿಟ್ಟು ಕೂದಲೊಳಗೆ ಬೆರಳಾಡಿಸಿದರು.

"ಎಷ್ಟ್ ಬಿರಸ ಆಗ್ಯಾವ. ಎಣ್ಣಿ ಹಚ್ಚಾಕ ಯಾರೂ ಇಲ್ಲೇನ್ ನಿನಗ, ಮಾದೇವಿ?"

"ಯಾರೂ ಇಲ್ಲವ್ವಾ" ಎಂದಳು ಮಹಾದೇವಿ.

ಆಮೇಲೆ ಅವಳು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಆ ದೊಡ್ಡ ವಿಮಾನ ನಿಲ್ದಾಣದ ಥಳಥಳ ನೆಲದ ಮೇಲೆ, ಓಡಾಡುವ ಜನರ ನಡುವೆ, ತಾಯಿಗೆ ಬೆನ್ನು ಮಾಡಿ ಕಾಲು ಮಡಿಚಿ ಕೂತುಬಿಟ್ಟಳು. ಅತ್ತೆ ರೊಟ್ಟಿಯ ಪೆಟ್ಟಿಗೆಯ ಮೇಲೆ ಕೂತರು. ಎಣ್ಣೆ ಇರಲಿಲ್ಲ, ಬಾಚಣಿಕೆ ಇರಲಿಲ್ಲ. ಬೆರಳಿನಿಂದಲೇ ಸಿಕ್ಕು ಬಿಡಿಸಿ, ಜಡೆಗೆ ಸಾಲದ ಆ ಕೂದಲನ್ನು ಮೂರು ಕಾಲು ಮಾಡಿ ಹೆಣೆಯತೊಡಗಿದರು. ಸವಿತಾ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಅಳುತ್ತಲೂ ನಗುತ್ತಲೂ ಇದ್ದಳು. ನಾನು ಹೊಸ ಬೂಟಿನಲ್ಲಿ ನಿಂತಲ್ಲೇ ನಿಂತಿದ್ದೆ. ಹೂವಪ್ಪ ನಮ್ಮ ತಳ್ಳುಗಾಡಿಯನ್ನು ಅಡ್ಡ ಹಿಡಿದುಕೊಂಡು, ಹಿಂದಿನಿಂದ ಅವಸರವಾಗಿ ಬಂದವರಿಗೆಲ್ಲ ಅತ್ತ ಬದಿಯಿಂದ ಸುತ್ತಿ ಹೋಗುವಂತೆ ಕೈಮಾಡಿ ತೋರಿಸುತ್ತಿದ್ದ.